ನಿಲ್ಲದ ಟೇಪಿಗೆ ಅಪ್ಪ ಬರೆದ ಉತ್ತರ

ಬಾಗಲಗುಂಟೆಯ ನಮ್ಮ ಮನೆಯಲ್ಲಿ ಕಾಗದದ ಟೇಪು ಇಲ್ಲದ ಮೂಲೆಯೇ ಇರಲಿಲ್ಲ. ಒಂದು ಅಂಗುಲ ಅಗಲ, ಗಜಗಟ್ಟಲೆ ಉದ್ದ, ಮೈತುಂಬ ಸಣ್ಣ ಸಣ್ಣ ತೂತು. ಅಪ್ಪ ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ಓಡಿಸುತ್ತಿದ್ದರು. ಎಲ್ಲಿ ಕೊರೆಯಬೇಕು, ಎಷ್ಟು ಆಳಕ್ಕೆ ಇಳಿಯಬೇಕು ಎಂದು ಆ ಮೆಷಿನ್ನಿಗೆ ಹೇಳುತ್ತಿದ್ದದ್ದು ಈ ಟೇಪು. ಕೆಲಸ ಮುಗಿದ ಟೇಪನ್ನು ಅಪ್ಪ ಸುರುಳಿ ಸುತ್ತಿ ಮನೆಗೆ ತರುತ್ತಿದ್ದರು. ಅಮ್ಮ ಅದರಲ್ಲಿ ಕೊತ್ತಂಬರಿ ಸೊಪ್ಪು ಕಟ್ಟಿಡುತ್ತಿದ್ದಳು. ನಾನು ಪಠ್ಯಪುಸ್ತಕದಲ್ಲಿ ಗುರುತಿಗೆ ಇಡುತ್ತಿದ್ದೆ. ಆಯುಧಪೂಜೆಯ ದಿನ ಕಾರ್ಖಾನೆಗೆ ಮನೆಮಂದಿಯನ್ನೆಲ್ಲ ಬಿಡುತ್ತಿದ್ದರು. ಅಲ್ಲಿ ಚೆಂಡುಹೂವಿನ ಜೊತೆಗೆ ಇದೇ ಟೇಪಿನ ತೋರಣ ಇರುತ್ತಿತ್ತು.

ಮುಂದೆ ನಾನು ಕಾಲೇಜಿನಲ್ಲಿ ಗಣಿತ ಪಾಠ ಮಾಡಿದೆ. ಯಂತ್ರ ಯಾವ ಲೆಕ್ಕ ಮಾಡಬಲ್ಲದು, ಯಾವುದನ್ನು ಎಷ್ಟು ದೊಡ್ಡ ಯಂತ್ರವಾದರೂ ಮಾಡಲಾರದು ಎನ್ನುವುದು ನನ್ನ ವಿಷಯ. ದಪ್ಪ ಪುಸ್ತಕಗಳನ್ನು ಹಿಡಿದು, ಕಪ್ಪುಹಲಗೆ ತುಂಬ ಬರೆದು, ವಿದ್ಯಾರ್ಥಿಗಳಿಗೆ ಆಕಳಿಕೆ ತರಿಸಿದ್ದೇನೆ. ಆದರೆ ನಿಜ ಹೇಳಬೇಕೆಂದರೆ ಆ ವಿಷಯ ನನಗೆ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ, ಅಪ್ಪನಿಗೆ ಬಂದ ಒಂದು ಮೆಮೊದಿಂದ.

ಅದು ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಆಗ ಪಾಸಾದವರ ನಂಬರುಗಳನ್ನು ಪೇಪರಿನಲ್ಲಿ ಹಾಕುತ್ತಿದ್ದರು. ನಮ್ಮ ಬೀದಿಗೆ ಪೇಪರು ಬರುವಷ್ಟರಲ್ಲಿ ಹತ್ತು ಗಂಟೆ ದಾಟಿರುತ್ತಿತ್ತು. ನನಗೆ ಫಸ್ಟ್ ಕ್ಲಾಸು ಬಂದಿತ್ತು. ಬೀದಿಗೆಲ್ಲ ಸಕ್ಕರೆ ಹಂಚಿ, ಸಂಜೆ ಅಪ್ಪ ಬರುವುದನ್ನೇ ಕಾದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಕಂಪನಿ ಬಸ್ಸಿನಿಂದ ಇಳಿದು ಬಂದವರು ನನ್ನ ಮುಖ ನೋಡಿ, "ಗೊತ್ತಾಯ್ತು ಕಣೇ, ಒಳ್ಳೇದಾಯ್ತು" ಎಂದು ಒಳಗೆ ಹೋಗಿ ಗೋಡೆಗೆ ಒರಗಿ ಕೂತುಬಿಟ್ಟರು. ಅಷ್ಟೇ. ನನಗೆ ಉರಿದುಹೋಯಿತು. ಅಕ್ಕಪಕ್ಕದ ಮನೆಯ ಅಪ್ಪಂದಿರು ಸೆಕೆಂಡ್ ಕ್ಲಾಸಿಗೇ ಕುಣಿದಾಡಿದ್ದರು. ಆ ಸಿಟ್ಟನ್ನು ನಾನು ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆ ದಿನ ಕಾರ್ಖಾನೆಯಲ್ಲಿ ಆದದ್ದು ಆಮೇಲೆ ಗೊತ್ತಾಯಿತು. ಅಪ್ಪನ ಮೆಷಿನ್ ಹೊಸ ತರಹದ್ದು. ಟೇಪಿನಲ್ಲಿ "ಹಿಂದಿನ ಸಾಲಿಗೆ ಹೋಗಿ ಅದನ್ನೇ ಮತ್ತೆ ಮಾಡು, ಇಂಥದ್ದು ಆದಮೇಲೆ ನಿಲ್ಲು" ಎಂದು ಬರೆದರೆ ಅದಕ್ಕೆ ಅರ್ಥವಾಗುತ್ತಿತ್ತು. ಎರಕ ಹೊಯ್ದ ಒಂದು ಕಬ್ಬಿಣದ ತುಂಡಿನ ಮೇಲಿಂದ ಹತ್ತು ಮಿಲಿಮೀಟರ್ ತೆಗೆಯಬೇಕು. ಪ್ರತಿ ಸಲ ಎರಡು ತೆಗೆ, ಉಳಿದದ್ದು ಸೊನ್ನೆಯಾದರೆ ನಿಲ್ಲು. ಹತ್ತು, ಎಂಟು, ಆರು, ನಾಲ್ಕು, ಎರಡು, ಸೊನ್ನೆ. ಈ ಟೇಪು ಎಷ್ಟೋ ತಿಂಗಳಿಂದ ಚೆನ್ನಾಗಿಯೇ ಓಡಿತ್ತು. ಕೆಲಸ ಬೇಗ ಆಗಲಿ ಎಂದು ಮೇಲಿನ ಆಫೀಸಿನಲ್ಲಿ ಯಾರೋ ಎರಡನ್ನು ಮೂರು ಮಾಡಿ ಹೊಸ ಟೇಪು ಕೊಟ್ಟರು. ಹತ್ತು, ಏಳು, ನಾಲ್ಕು, ಒಂದು. ಅದರ ಮುಂದೆ ಸೊನ್ನೆಗಿಂತ ಎರಡು ಕೆಳಗೆ. ಮೆಷಿನ್ ಸೊನ್ನೆಯನ್ನು ಮಾತ್ರ ಹುಡುಕುತ್ತಿತ್ತು, ಸೊನ್ನೆ ದಾರಿಯಲ್ಲಿ ಸಿಗಲೇ ಇಲ್ಲ. ಅದು ಇಳಿಯುತ್ತಲೇ ಹೋಯಿತು. ಎರಕ ಹಾಳಾಯಿತು, ಕಟರ್ ಮುರಿಯಿತು.

ಎರಡು ದಿನ ಬಿಟ್ಟು ಅಪ್ಪನ ಕೈಗೆ ಮೆಮೊ ಬಂತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕೆಲವು ಸಾಲು. ನನಗೇ ಕೊಟ್ಟು ಅರ್ಥ ಹೇಳಿಸಿಕೊಂಡರು. ಯಾವುದೇ ಟೇಪನ್ನು ಮೆಷಿನ್ನಿಗೆ ಹಾಕುವ ಮೊದಲು ಅದು ಕೊನೆಯಲ್ಲಿ ನಿಲ್ಲುತ್ತದೆಯೋ ಇಲ್ಲವೋ ಎಂದು ಪರಿಶೀಲಿಸಿ ಖಚಿತಪಡಿಸಿಕೊಳ್ಳುವುದು ಆಪರೇಟರನ ಹೊಣೆ, ಹಾಗೆ ಮಾಡದಿರಲು ಕಾರಣವೇನೆಂದು ಮೂರು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು, ಎಂದಿತ್ತು. ಎರಡನ್ನು ಮೂರು ಮಾಡಿದವರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆಫೀಸಿನ ಭಾಷೆಯನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುವುದು ಅವತ್ತಿನಿಂದ.

ಬೇರೆ ಯಾರಾದರೂ ಆಗಿದ್ದರೆ "ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ" ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದೇ. ಅಪ್ಪ ಮಾತ್ರ ಮೆಮೊವನ್ನು ನಂಬಿದರು. ಅದು ಯಾರನ್ನೋ ಹೆದರಿಸಲು ಬರೆದ ಸಾಲು ಎಂದು ಅವರಿಗೆ ಅನಿಸಲೇ ಇಲ್ಲ. "ಪರಿಶೀಲಿಸೋದು ನನ್ನ ಹೊಣೆ ಅಂತ ಬರೆದಿದಾರೆ. ಅಂದ್ಮೇಲೆ ಅದಕ್ಕೊಂದು ವಿಧಾನ ಇರ್ಲೇಬೇಕಲ್ಲ? ಅದನ್ನ ಕಂಡ್ಹಿಡಿದು ಉತ್ತರ ಬರೀತೀನಿ" ಎಂದರು. ಮೂರು ದಿನಕ್ಕೆ ಆಗಲಿಲ್ಲ, ಸಮಯ ಕೇಳಿದರು. ಮೆಮೊ ಕೊಟ್ಟ ಆಫೀಸರು ನಾಲ್ಕು ತಿಂಗಳಲ್ಲಿ ವರ್ಗವಾಗಿ ಹೋದರು. ಯಾರೂ ಮತ್ತೆ ಕೇಳಲಿಲ್ಲ. ಅಪ್ಪನಿಗೆ ಮಾತ್ರ, ತಮ್ಮ ಇಡೀ ಸರ್ವಿಸ್ಸಿನಲ್ಲಿ ಬಂದ ಆ ಒಂದೇ ಮೆಮೊ ಉತ್ತರವಿಲ್ಲದೆ ಫೈಲಿನಲ್ಲಿ ಕೂತಿದೆ ಎನ್ನುವುದು ಗಂಟಲಲ್ಲಿ ಸಿಕ್ಕಿಕೊಂಡಿತು. ರಿಟೈರಾಗುವ ದಿನದೊಳಗೆ ಉತ್ತರ ಕೊಡಬೇಕು. ಅದಕ್ಕೆ ಇನ್ನು ಐದು ವರ್ಷವಿತ್ತು.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಬರೆದರು: ನಿಯಮ ಒಂದು. ಒಟ್ಟು ಆಳವನ್ನು ಒಂದು ಸಲದ ಆಳದಿಂದ ಭಾಗಿಸು. ಶೇಷ ಉಳಿದರೆ ಟೇಪು ನಿಲ್ಲುವುದಿಲ್ಲ. ಅವರ ಟೇಪಿಗೆ ಇದು ಸಾಕಿತ್ತು. ಆದರೆ ಮೆಮೊದಲ್ಲಿ ಇದ್ದದ್ದು "ಯಾವುದೇ ಟೇಪು". ಹಾಗಾಗಿ ನಿಯಮ ಎರಡು, ನಿಯಮ ಮೂರು. ಸಂಜೆ ಕಾಫಿ ಕುಡಿದು, ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು ಕೂತರೆ ಅಡುಗೆಮನೆಯಿಂದ ಅಮ್ಮ ಮೂರು ಸಲ ಕರೆಯುವವರೆಗೂ ಏಳುತ್ತಿರಲಿಲ್ಲ. ನಾನು ಎದುರಿಗೆ ಕೂತು ಓದಿಕೊಳ್ಳುತ್ತಿದ್ದೆ. ಇಬ್ಬರಿಗೂ ಒಂದೇ ಬಲ್ಬು. ನನ್ನ ಬದುಕಿನಲ್ಲಿ ಅದಕ್ಕಿಂತ ನೆಮ್ಮದಿಯ ಸಂಜೆಗಳು ಬಂದಿಲ್ಲ.

ಅಪ್ಪನ ನಿಯಮಗಳನ್ನು ಒಡೆಯಲೆಂದೇ ಒಬ್ಬರಿದ್ದರು. ಪಕ್ಕದ ಮೆಷಿನ್ನಿನವರು, ಮಾಕಳಿಯ ಹಳೇ ಒಕ್ಕಲು ಮನೆತನದವರು. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ಭಾನುವಾರ ಸೈಕಲ್ಲಿನಲ್ಲಿ ಸೊಪ್ಪೋ ಅವರೆಕಾಯಿಯೋ ಹೇರಿಕೊಂಡು ಬಂದು, ಚೀಲ ಇಳಿಸುವ ಮೊದಲೇ, "ಅಣ್ಣ, ಇಂಗೊಂದ್ ಟೇಪು ಮಾಡಿದ್ರೆ ನಿನ್ ಪಟ್ಟಿ ಏನಂತದೆ?" ಎಂದು ಶುರು ಮಾಡುತ್ತಿದ್ದರು. ಎಡಕ್ಕೆ ಎಂದರೆ ಬಲಕ್ಕೆ ಹೋಗುವ ಮನುಷ್ಯ. ಕಾರ್ಖಾನೆಯಲ್ಲಿ ಎಲ್ಲರೂ ಕಪ್ಪು ಶೂ ಹಾಕಬೇಕು ಎಂದರೆ ಇವರು ಕಂದು ಶೂ ಹುಡುಕಿ ಹಾಕುವವರು. ಅಪ್ಪನ ಪಟ್ಟಿಯ ಒಂದು ಪ್ರತಿಯನ್ನು ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು, ಅದರಲ್ಲಿ ತೂತು ಹುಡುಕಲು. ಅವರು ಒಂದು ತೂತು ಕಂಡುಹಿಡಿದರೆ ಅಪ್ಪ ಒಂದು ನಿಯಮ ಸೇರಿಸುತ್ತಿದ್ದರು.

ಅದರ ನಡುವೆ ನಾನೂ ಒಂದು ಕಡ್ಡಿ ಗೀರಿದೆ. ಬಿ.ಎಸ್ಸಿ.ಗೆ ಸೇರಿದ ಮೊದಲ ವರ್ಷ ಯಾರೋ ಹೇಳಿದ ಒಂದು ಆಟವನ್ನು ಮನೆಗೆ ತಂದೆ. ಒಂದು ಸಂಖ್ಯೆ ತೆಗೆದುಕೊಳ್ಳಿ. ಸಮಸಂಖ್ಯೆಯಾದರೆ ಅರ್ಧ ಮಾಡಿ. ಬೆಸವಾದರೆ ಮೂರರಿಂದ ಗುಣಿಸಿ ಒಂದು ಸೇರಿಸಿ. ಒಂದು ಬಂದರೆ ನಿಲ್ಲಿಸಿ, ಇಲ್ಲದಿದ್ದರೆ ಮತ್ತೆ ಅದನ್ನೇ ಮಾಡಿ. ಆರು ಹಿಡಿದರೆ ಮೂರು, ಹತ್ತು, ಐದು, ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಎಂಟು ಹೆಜ್ಜೆಗೆ ಮುಗಿಯಿತು. ಮಾಮ ಇಪ್ಪತ್ತೇಳು ಕೊಟ್ಟರು. ಅಪ್ಪ ಒಂದು ಭಾನುವಾರ ಮಧ್ಯಾಹ್ನ ಪೆನ್ಸಿಲ್ ಹಿಡಿದು ಕೂತರು. ಸಂಖ್ಯೆ ಏರಿತು, ಇಳಿಯಿತು, ಮತ್ತೆ ಏರಿತು, ಒಂಬತ್ತು ಸಾವಿರದ ಇನ್ನೂರ ಮೂವತ್ತೆರಡನ್ನು ಮುಟ್ಟಿತು. ಅಮ್ಮ ಎರಡು ಸಲ ಮಜ್ಜಿಗೆ ಕೊಟ್ಟಳು. ನೂರಹನ್ನೊಂದನೇ ಹೆಜ್ಜೆಗೆ ಒಂದು ಬಂತು.

ಅಪ್ಪ ಗೆದ್ದವರಂತೆ ಪೆನ್ಸಿಲ್ ಕೆಳಗಿಟ್ಟರು. ಮಾಮ ಕಡಲೆಕಾಯಿ ಬಿಡಿಸುತ್ತ, "ನಿಂತ್ಕಂತು, ಸರಿ. ನಿಂತ್ಕಳ್ದೇ ಇದ್ದಿದ್ರೆ ಇನ್ನೂ ಎಷ್ಟ್ ಹೊತ್ತು ಬರೀತಾ ಕುಂತಿರ್ತಿದ್ದೆ ಅಣ್ಣ?" ಎಂದರು. ಆ ಪ್ರಶ್ನೆಯಲ್ಲೇ ಇಡೀ ವಿಷಯದ ತಿರುಳಿದೆ ಎಂದು ನನಗೆ ಆಗ ತಿಳಿದಿರಲಿಲ್ಲ. ನಿಲ್ಲುವ ಟೇಪನ್ನು ಕಾದು ನೋಡಿ ತಿಳಿಯಬಹುದು. ನಿಲ್ಲದ್ದನ್ನು ಎಷ್ಟು ಕಾದರೂ ತಿಳಿಯಲಾಗದು, ಇನ್ನೊಂದು ಹೆಜ್ಜೆಗೆ ನಿಂತೀತೇನೋ ಎಂಬ ಅನುಮಾನ ಉಳಿದೇ ಇರುತ್ತದೆ. ಆ ಸುಲಭದ ಆಟ ಎಲ್ಲ ಸಂಖ್ಯೆಗೂ ನಿಲ್ಲುತ್ತದೆಯೇ ಎಂದು ಇವತ್ತಿಗೂ ಯಾರೂ ಸಾಧಿಸಿ ತೋರಿಸಿಲ್ಲ. ನನ್ನ ದೆಸೆಯಿಂದ ಅಪ್ಪನಿಗೆ ಒಂದು ವರ್ಷ ನೆಮ್ಮದಿ ಹಾಳಾಯಿತು.

ಕೊನೆಯ ವರ್ಷದಲ್ಲಿ ನಮಗೆ ಒಬ್ಬರು ಲೆಕ್ಚರರ್ ಮೇಡಂ ಬಂದರು. ಪಾಠದ ಪುಸ್ತಕದಲ್ಲಿ ಇಲ್ಲದ್ದನ್ನೇ ಹೇಳುವ ಖಯಾಲಿ ಅವರಿಗೆ. ಒಂದು ದಿನ ಅವರು ಹೇಳಿದ್ದು ಇದು. ಕಂಪ್ಯೂಟರ್ ಎನ್ನುವ ಯಂತ್ರ ಹುಟ್ಟುವ ಮೊದಲೇ ಇಂಗ್ಲೆಂಡಿನ ಒಬ್ಬ ತರುಣ ಮನಸ್ಸಿನಲ್ಲೇ ಒಂದು ಯಂತ್ರ ಕಟ್ಟಿದ್ದ. ಅದಕ್ಕೆ ಕೊನೆಯಿಲ್ಲದ ಒಂದು ಟೇಪು, ಟೇಪಿನಲ್ಲಿ ಚೌಕಾಬಾರದ ಹಾಗೆ ಸಾಲಾಗಿ ಮನೆಗಳು. ಯಂತ್ರ ಒಂದು ಸಲಕ್ಕೆ ಒಂದೇ ಮನೆ ನೋಡುತ್ತದೆ. ಅಲ್ಲಿರುವ ಗುರುತು ಓದುತ್ತದೆ, ಬೇಕಾದರೆ ಅಳಿಸಿ ಬೇರೆ ಬರೆಯುತ್ತದೆ, ಎಡಕ್ಕೋ ಬಲಕ್ಕೋ ಒಂದು ಮನೆ ಸರಿಯುತ್ತದೆ. ಯಾವಾಗ ಏನು ಮಾಡಬೇಕೆಂದು ಒಂದು ಚಿಕ್ಕ ನಿಯಮದ ಪಟ್ಟಿ. ಮನುಷ್ಯ ಕಾಗದ ಪೆನ್ಸಿಲ್ ಹಿಡಿದು ನಿಯಮದ ಪ್ರಕಾರ ಮಾಡಬಹುದಾದ ಲೆಕ್ಕ ಯಾವುದಿದ್ದರೂ ಈ ಬಡಪಾಯಿ ಯಂತ್ರಕ್ಕೂ ಸಾಧ್ಯ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಹಳೇ ಟೇಪಿನ ಒಂದು ತುಂಡನ್ನು ನೆಲದ ಮೇಲೆ ಹಾಸಿ, ಪೆನ್ಸಿಲ್ಲಿನಲ್ಲಿ ಮನೆಗಳನ್ನು ಮಾಡಿ, ಮೂರು ಮನೆಯಲ್ಲಿ ಒಂದೊಂದು ಗೀಟು ಎಳೆದೆ. "ಗೀಟು ಕಂಡರೆ ಬಲಕ್ಕೆ ಸರಿ. ಖಾಲಿ ಮನೆ ಕಂಡರೆ ಗೀಟು ಎಳೆದು ನಿಲ್ಲು. ಇಷ್ಟೇ ಪಟ್ಟಿ" ಎಂದೆ. ಅಪ್ಪ ಬೆರಳನ್ನು ಮನೆಯಿಂದ ಮನೆಗೆ ಸರಿಸಿ, ಖಾಲಿ ಮನೆಯಲ್ಲಿ ನಾಲ್ಕನೇ ಗೀಟು ಎಳೆದರು. "ಒಂದು ಕೂಡಿಸೋ ಯಂತ್ರ" ಎಂದರು. ಹಾಗೇ ಕೂಡುವುದು, ಗುಣಿಸುವುದು, ಎಲ್ಲವೂ ಇಂಥ ಪಟ್ಟಿಗಳೇ ಎಂದೆ. ಅವರ ಮುಖ ಅರಳಿತು. "ಇದು ನಮ್ಮ ಟೇಪೇ ಕಣೇ. ಅವನು ಯಾವತ್ತಾದ್ರೂ ಪೀಣ್ಯಕ್ಕೆ ಬಂದಿದ್ನೇನು?" ಎಂದು ನಕ್ಕರು.

ಮುಂದಿನ ವಾರ ಮೇಡಂ ಉಳಿದದ್ದನ್ನು ಹೇಳಿದರು. ಆ ತರುಣ ಅಷ್ಟಕ್ಕೇ ನಿಲ್ಲಲಿಲ್ಲ. ಯಾವುದೇ ಟೇಪನ್ನು ಕೊಟ್ಟರೂ ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳುವ ನಿಯಮದ ಪಟ್ಟಿ ಇರಲು ಸಾಧ್ಯವೇ ಇಲ್ಲವೆಂದು ಸಾಧಿಸಿಬಿಟ್ಟಿದ್ದ. ಇನ್ನೂ ಯಾರಿಗೂ ಸಿಕ್ಕಿಲ್ಲ ಎಂದಲ್ಲ. ಯಾರಿಗೂ, ಯಾವತ್ತೂ ಸಿಗುವುದಿಲ್ಲ ಎಂದು.

ಅಪ್ಪ ಐದು ವರ್ಷದಿಂದ ಹುಡುಕುತ್ತಿದ್ದದ್ದು ಅದೇ ಪಟ್ಟಿ. ಬಸ್ಸಿನಲ್ಲಿ ಬರುವಾಗ ಯಶವಂತಪುರ ದಾಟಿದ್ದು ಗೊತ್ತಾಗಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವರು ವಿಭೂತಿ ಇಟ್ಟುಕೊಂಡು ನೋಟ್‌ಬುಕ್ ತೆರೆಯುತ್ತಿದ್ದರು. ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಪರೀಕ್ಷೆ ಮುಗಿಯಿತು. ಅಪ್ಪ ರಿಟೈರಾಗಲು ಮೂರು ವಾರ ಉಳಿಯಿತು.

ಆ ಭಾನುವಾರ ಅಪ್ಪ ನೋಟ್‌ಬುಕ್ ಮುಚ್ಚಿ, "ನಲವತ್ತೊಂದು ನಿಯಮಕ್ಕೆ ಮುಗೀತು ಕಣೇ. ನಿಮ್ಮ ಮಾಮಂಗೆ ಈ ತಿಂಗಳು ಒಂದೂ ತೂತು ಸಿಕ್ಕಿಲ್ಲ. ನಾಳೆ ಟೈಪ್ ಮಾಡ್ಸೋಕೆ ಕೊಡ್ತೀನಿ" ಎಂದರು. ಎದುರಿಗೆ ಕೂತಿದ್ದ ಮಾಮ ಸೋತವರ ಹಾಗೆ ತಲೆ ಕೆರೆದುಕೊಂಡರು. ಇನ್ನು ಸುಮ್ಮನಿರುವ ಹಾಗಿರಲಿಲ್ಲ. ತಪ್ಪು ಪಟ್ಟಿಗೆ ಅಪ್ಪ ಸಹಿ ಹಾಕಿ ಕೊಡುವುದನ್ನು ನೋಡಿಕೊಂಡು ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

"ಅಪ್ಪ, ಮಾಮ ಈಗ ಕಾಫಿ ಕುಡೀತಾರೋ ಮಜ್ಜಿಗೆ ಕುಡೀತಾರೋ, ಮೊದ್ಲೇ ಹೇಳ್ಬಿಡಿ ನೋಡೋಣ" ಎಂದೆ.

"ಕಾಫಿ" ಎಂದರು ಅಪ್ಪ.

"ನಂಗ್ ಮಜ್ಜಿಗೆ ಕೊಡವ್ವ" ಎಂದರು ಮಾಮ.

"ಮಜ್ಜಿಗೆ ಅಂದ್ರೆ ಕಾಫಿ ಕೇಳ್ತಾನೆ ಇವನು" ಎಂದರು ಅಪ್ಪ. "ಚೀಟೀಲಿ ಬರೆದು ಮಡಿಚಿಟ್ರೆ ಸರಿಯಾಗಿ ಹೇಳ್ತೀನಿ."

"ನಿಮ್ಮ ಪಟ್ಟಿ ಮಡಿಚಿಟ್ಟಿದ್ದಲ್ಲವಲ್ಲ ಅಪ್ಪ. ಒಂದು ಪ್ರತಿ ಮಾಮನ ಜೇಬಲ್ಲೇ ಇದೆ" ಎಂದೆ.

ಆಮೇಲೆ ನಿಧಾನವಾಗಿ ಹೇಳಿದೆ. ನಿಮ್ಮ ಪಟ್ಟಿ ಸಂಪೂರ್ಣವಾಗಿದೆ ಎಂದುಕೊಳ್ಳೋಣ. ಯಾವ ಟೇಪು ಕೊಟ್ಟರೂ, ಅದಕ್ಕೆ ಏನು ಓದಲು ಕೊಟ್ಟರೂ, ನಿಲ್ಲುತ್ತದೆ ಅಥವಾ ನಿಲ್ಲುವುದಿಲ್ಲ ಎಂದು ಸರಿಯಾಗಿ ಹೇಳುತ್ತದೆ. ಪಟ್ಟಿ ಎಂದರೆ ನಿಯಮಗಳು, ನಿಯಮಗಳನ್ನು ಟೇಪಿಗೆ ಹೊಡೆಯಬಹುದು. ಈಗ ನಾನು ಮಾಮನಂಥ ಒಂದು ತರಲೆ ಟೇಪು ಮಾಡುತ್ತೇನೆ. ಅದರೊಳಗೆ ನಿಮ್ಮ ಪಟ್ಟಿ ಪೂರ್ತಿ ಇದೆ. ಅದಕ್ಕೆ ಯಾವುದೋ ಒಂದು ಟೇಪನ್ನು ಓದಲು ಕೊಟ್ಟರೆ, "ಈ ಟೇಪಿಗೆ ಇದರದ್ದೇ ಪ್ರತಿಯನ್ನು ಓದಲು ಕೊಟ್ಟರೆ ಇದು ನಿಲ್ಲುತ್ತದೆಯೇ?" ಎಂದು ನಿಮ್ಮ ಪಟ್ಟಿಯನ್ನು ಕೇಳುತ್ತದೆ. ಪಟ್ಟಿ "ನಿಲ್ಲುತ್ತದೆ" ಎಂದರೆ ಬೇಕೆಂದೇ ಸುತ್ತು ಹೊಡೆಯುತ್ತ ಕೂರುತ್ತದೆ. "ನಿಲ್ಲುವುದಿಲ್ಲ" ಎಂದರೆ ತಕ್ಷಣ ನಿಲ್ಲುತ್ತದೆ. ಈಗ ತರಲೆ ಟೇಪಿಗೆ ತರಲೆ ಟೇಪಿನದ್ದೇ ಇನ್ನೊಂದು ಪ್ರತಿಯನ್ನು ಓದಲು ಕೊಡೋಣ. ನಿಮ್ಮ ಪಟ್ಟಿ ನಿಲ್ಲುತ್ತದೆ ಎಂದರೆ ಅದು ನಿಲ್ಲುವುದಿಲ್ಲ. ನಿಲ್ಲುವುದಿಲ್ಲ ಎಂದರೆ ನಿಲ್ಲುತ್ತದೆ. ಪಟ್ಟಿ ಯಾವುದು ಹೇಳಿದರೂ ಸುಳ್ಳು. ನಿಯಮ ನಲವತ್ತೊಂದಿರಲಿ, ನಲವತ್ತೊಂದು ಲಕ್ಷ ಇರಲಿ, ಇದೇ ಕಥೆ.

ಮಾಮನ ಮುಖದಲ್ಲಿ ಮೆಲ್ಲಗೆ ನಗು ಹರಡುತ್ತಿತ್ತು. ಅಪ್ಪನ ಕಡೆ ನೋಡಿ ತಡೆದುಕೊಂಡರು.

"ಅಂಥ ತರಲೆ ಟೇಪನ್ನ ನಮ್ಮ ಕಾರ್ಖಾನೇಲಿ ಯಾರು ಮಾಡ್ತಾರೆ?" ಎಂದರು ಅಪ್ಪ. ಒಳ್ಳೆಯ ಪ್ರಶ್ನೆ. ಮುಂದೆ ನನ್ನ ಅತಿ ಜಾಣ ವಿದ್ಯಾರ್ಥಿಗಳು ಕೇಳಿದ್ದೂ ಅದನ್ನೇ.

"ಯಾರೂ ಮಾಡಲ್ಲ. ಆದ್ರೆ ಮೆಮೊದಲ್ಲಿ ಯಾವುದೇ ಟೇಪು ಅಂತ ಬರೆದಿದಾರಲ್ಲ ಅಪ್ಪ."

ಅಪ್ಪ ಎದ್ದು ಹಿತ್ತಲಿಗೆ ಹೋಗಿ ದಾಸವಾಳದ ಗಿಡಕ್ಕೆ ನೀರು ಹಾಕತೊಡಗಿದರು. ಬೆಳಿಗ್ಗೆ ತಾನೇ ಅಮ್ಮ ಹಾಕಿದ್ದಳು. ಮೂರು ಸಂಜೆ ನೋಟ್‌ಬುಕ್ ಮುಟ್ಟಲಿಲ್ಲ. ಸುಮ್ಮನೆ ರೇಡಿಯೋ ಮುಂದೆ ಕೂತಿರುತ್ತಿದ್ದರು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಇನ್ನು ಹದಿನೈದು ಇಪ್ಪತ್ತು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ? ನೀನು ಓದಿದ್ದು ಇದಕ್ಕೇನಾ?" ಎಂದಳು. ನಾನು ಸಾರಿನ ಪಾತ್ರೆ ತೊಳೆದೆ. ಅಷ್ಟು ಅವಮಾನ ನನಗೆ ಯಾವ ಪರೀಕ್ಷೆಯಲ್ಲೂ ಆಗಿಲ್ಲ.

ನಾಲ್ಕನೇ ಸಂಜೆ ಅಪ್ಪ ವಿಭೂತಿ ಇಟ್ಟುಕೊಂಡು ಬಂದು ಕೂತರು. "ಇನ್ನೊಂದ್ಸಲ ಹೇಳು. ನಿಧಾನಕ್ಕೆ" ಎಂದರು. ಹೇಳಿದೆ. ಎರಡು ದಿನ ಅದರಲ್ಲಿ ತೂತು ಹುಡುಕಿದರು, ಮಾಮ ಅವರ ಪಟ್ಟಿಯಲ್ಲಿ ಹುಡುಕುತ್ತಿದ್ದ ಹಾಗೆ. ಒಂದು ಸಿಕ್ಕಿತು ಎಂದುಕೊಂಡರು. "ಪಟ್ಟಿ ಕೆಲವು ಸಲ ಗೊತ್ತಿಲ್ಲ ಅಂತ ಹೇಳಿದ್ರೆ?" ಎಂದು ಕೇಳಿದರು.

"ಹೇಳ್ಬಹುದು. ಅಂಥ ಪಟ್ಟಿ ಸುಳ್ಳಾಡದೆ ಇರಬಹುದು. ನಿಮ್ಮ ನಲವತ್ತೊಂದು ನಿಯಮ ಹಾಗೇ ಇದೆ, ನಿಮ್ಮ ಕಾರ್ಖಾನೆ ಟೇಪುಗಳಲ್ಲಿ ಮುಕ್ಕಾಲು ಪಾಲು ಹಿಡಿಯುತ್ತೆ. ಆದ್ರೆ ಖಚಿತಪಡಿಸ್ಕೊಳ್ಳೋದು ಅಂತ ಅವ್ರು ಕೇಳಿರೋದು."

ಅಪ್ಪ ಮೆಮೊವನ್ನು ಬಿಡಿಸಿ ಮುಂದೆ ಹಾಸಿಕೊಂಡರು. ಆಮೇಲೆ ಹೇಳಿದರು, "ಹಾಗಾದ್ರೆ ಇದು ನನ್ನಿಂದ ಆಗ್ಲಿಲ್ಲ ಅನ್ನೋದಲ್ಲ. ಯಾರಿಂದ್ಲೂ ಆಗಲ್ಲ ಅನ್ನೋದು."

"ಹೌದು."

"ಇದನ್ನೇ ಬರೆಯೋಣ. ಪೆನ್ನು ತಗೋ."

ಅವರು ಕನ್ನಡದಲ್ಲಿ ಹೇಳಿದರು, ನಾನು ಬರೆದುಕೊಂಡೆ. ಮೊದಲು ಮೆಮೊದ ನಂಬರು, ತಾರೀಖು. ಆಮೇಲೆ ತರಲೆ ಟೇಪಿನ ವಾದ, ಒಂದೂವರೆ ಪುಟ. ಆದಕಾರಣ ಯಾವುದೇ ಟೇಪನ್ನು ಮೊದಲೇ ಪರಿಶೀಲಿಸಿ ಖಚಿತಪಡಿಸಿಕೊಳ್ಳುವುದು ಯಾವ ಆಪರೇಟರನಿಂದಲೂ ಸಾಧ್ಯವಿಲ್ಲ, ಅದನ್ನು ಮಾಡಲಿಲ್ಲವೆಂಬುದು ನನ್ನ ತಪ್ಪಲ್ಲ. ಬಳಕೆಯ ಟೇಪುಗಳಿಗೆ ನಲವತ್ತೊಂದು ನಿಯಮಗಳನ್ನು ಲಗತ್ತಿಸಿದೆ. ಸುತ್ತುಗಳನ್ನು ಎಣಿಸಿ, ಲೆಕ್ಕ ಮೀರಿದರೆ ತಾನೇ ನಿಲ್ಲುವ ಹಾಗೆ ಪ್ರತಿ ಟೇಪಿನಲ್ಲೂ ಒಂದು ಸಾಲು ಸೇರಿಸುವುದು ಒಳ್ಳೆಯದು. ಅಲ್ಲಿಯವರೆಗೆ ಆಪರೇಟರ್ ಮೆಷಿನ್ನಿನ ಪಕ್ಕದಲ್ಲೇ ನಿಂತಿರಬೇಕು. ಅಷ್ಟಾದ ಮೇಲೆ ಅಪ್ಪ ಮೆಮೊವನ್ನು ಮಡಿಚಿಟ್ಟರು.

"ಬರಿ. ಆ ದಿನ ಒಂಬತ್ತು ಗಂಟೆಗೆ ನಾನು ಮೆಷಿನ್ನಿನ ಹತ್ತಿರ ಇರಲಿಲ್ಲ. ಅದು ನನ್ನ ತಪ್ಪು."

ನಾನು ತಲೆ ಎತ್ತಿದೆ. ಇದನ್ನು ಅವರು ಯಾವತ್ತೂ ಹೇಳಿರಲಿಲ್ಲ. "ಎಲ್ಲಿದ್ರಿ?"

"ಕ್ಯಾಂಟೀನಿಗೆ ಹೋಗಿದ್ದೆ. ಅಲ್ಲಿಗೆ ಪೇಪರ್ ಬೇಗ ಬರ್ತಿತ್ತು." ಅವರು ನನ್ನ ಕಡೆ ನೋಡಲಿಲ್ಲ. "ನಿನ್ನ ನಂಬರ್ ನೋಡೋಕೆ. ನಂಬರ್ ಸಿಕ್ತು, ಕುಣ್ಕೊಂಡ್ ವಾಪಸ್ ಬಂದೆ. ಅಷ್ಟರಲ್ಲಿ ಕಟರ್ ಮುರಿದುಹೋಗಿತ್ತು. ಬರಿ, ಯಾಕೆ ನಿಲ್ಲಿಸ್ದೆ?"

ಬರೆದೆ. ಅಕ್ಷರ ಕಾಣುತ್ತಿರಲಿಲ್ಲ. ಆ ಸಂಜೆ ಗೋಡೆಗೆ ಒರಗಿ ಕೂತ ಅಪ್ಪನ ಮೇಲೆ ಐದು ವರ್ಷ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಬಿಸಾಡಬೇಕೋ ತಿಳಿಯಲಿಲ್ಲ.

ರಿಟೈರಾಗುವ ದಿನ ಮನೆಯವರನ್ನೂ ಕರೆಯುವ ಪದ್ಧತಿ. ಅಮ್ಮ ರೇಷ್ಮೆ ಸೀರೆಯುಟ್ಟು ಕ್ಯಾಂಟೀನಿನಲ್ಲಿ ಹೆಂಗಸರ ಜೊತೆ ಕೂತಳು. ಮಾಮ ಅವತ್ತು ಕಪ್ಪು ಶೂ ಹಾಕಿಕೊಂಡು ಹಾರ ಹಿಡಿದು ಓಡಾಡುತ್ತಿದ್ದರು. ಸಮಾರಂಭಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅಪ್ಪ ನನ್ನನ್ನು ಕರೆದುಕೊಂಡು ಸಿಬ್ಬಂದಿಯ ಫೈಲುಗಳಿರುವ ಕೋಣೆಗೆ ಹೋಗಿ, ಹಳೇ ಮೆಮೊಗೆ ಉತ್ತರ ಕೊಡಬೇಕಿದೆ ಎಂದರು. ಗುಮಾಸ್ತರು ಅಪ್ಪನ ಫೈಲು ತೆಗೆದು, ಒಂದೊಂದೇ ಹಾಳೆ ಮಗುಚಿದರು. ಕೊನೆಯವರೆಗೂ ಹೋಗಿ ಮತ್ತೆ ಮೊದಲಿಂದ ಬಂದರು.

"ಸಾರ್, ಇದರಲ್ಲಿ ಮೆಮೊನೇ ಇಲ್ವಲ್ಲ. ಆ ಆಫೀಸರು ನಿಮ್ಮ ಕೈಗೆ ಕೊಟ್ಟಿರ್ಬೇಕು, ನಮ್ಗೆ ಕಾಪಿ ಕಳ್ಸೇ ಇಲ್ಲ. ನಿಮ್ಮ ಫೈಲ್ ಕ್ಲೀನಾಗಿದೆ."

ನನಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು. ಐದು ವರ್ಷದ ಸಂಜೆಗಳು, ನಲವತ್ತೊಂದು ನಿಯಮಗಳು, ಆ ಮೂರು ದಿನದ ಮೌನ. ಕೇಳಿದವರೇ ಮರೆತ ಪ್ರಶ್ನೆಗೆ. ಅಪ್ಪನ ಕೈ ಹಿಡಿದು, "ಬನ್ನಿ ಅಪ್ಪ, ಹೋಗೋಣ. ಒಳ್ಳೇದೇ ಆಯ್ತಲ್ಲ" ಎಂದೆ.

ಅಪ್ಪ ಕದಲಲಿಲ್ಲ. ನಮ್ಮ ಉತ್ತರವನ್ನು ಮೇಜಿನ ಮೇಲಿಟ್ಟು, "ಇದನ್ನ ತಗೊಳ್ಳಿ ಸಾರ್" ಎಂದರು.

"ಮೆಮೊ ಇಲ್ದೆ ಉತ್ತರ ಹೇಗೆ ತಗೊಳ್ಲಿ ಸಾರ್? ಯಾವುದಕ್ಕೆ ಉತ್ತರ ಅಂತ ಎಂಟ್ರಿ ಮಾಡ್ಲಿ?"

ಅಪ್ಪ ಅಂಗಿಯ ಒಳಜೇಬಿಗೆ ಕೈ ಹಾಕಿದರು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿದ ಮೆಮೊ. ಅದನ್ನು ಬಿಡಿಸಿ, ಅಂಗೈಯಿಂದ ಮಡಿಕೆ ಸರಿಪಡಿಸಿ, ಉತ್ತರದ ಮೇಲೆ ಇಟ್ಟರು. "ಇದಕ್ಕೆ."

"ಸಾರ್, ಇದನ್ನ ಹಾಕಿದ್ರೆ ನಿಮ್ಮ ಫೈಲಲ್ಲಿ ಮೆಮೊ ಇದೆ ಅಂತ ಆಗುತ್ತೆ. ಇವತ್ತು ಕೊನೇ ದಿನ. ಯಾಕೆ ಸಾರ್?"

"ಬಂದಿದ್ದು ನಿಜ ತಾನೆ" ಎಂದರು ಅಪ್ಪ.

ಗುಮಾಸ್ತರು ನನ್ನ ಮುಖ ನೋಡಿದರು. ಅವರು ಉತ್ತರವನ್ನು ಓದತೊಡಗಿದರು. ತರಲೆ ಟೇಪಿನ ಹತ್ತಿರ ಹುಬ್ಬು ಗಂಟಿಕ್ಕಿ, ಎರಡನೇ ಸಲ ಓದಿ, ಬಿಟ್ಟು ಮುಂದೆ ಹೋದರು. ಕೊನೆಯ ಪುಟಕ್ಕೆ ಬಂದಾಗ ಪೆನ್ಸಿಲ್ ಎತ್ತಿಕೊಂಡರು. "ಈ ಕೊನೇ ಸಾಲು ಬೇಡ ಸಾರ್. ನೀವೇ ಒಪ್ಕೊಂಡ ಹಾಗಾಗುತ್ತೆ. ಹೊಡೆದುಹಾಕ್ಲಾ?"

"ಇರ್ಲಿ" ಎಂದರು ಅಪ್ಪ.

ಎರಡು ಪ್ರತಿಗೂ ಮುದ್ರೆ ಬಿತ್ತು. ಒಂದು ಫೈಲಿಗೆ ಹೋಯಿತು. ಇನ್ನೊಂದನ್ನು ಅಪ್ಪ ನನ್ನ ಕೈಗೆ ಕೊಟ್ಟು, ತಲೆಗೂದಲು ಸರಿಮಾಡಿಕೊಂಡು, ಹಾರ ಹಾಕಿಸಿಕೊಳ್ಳಲು ಹೋದರು.

ಆ ಪ್ರತಿ ಈಗಲೂ ನನ್ನ ಹತ್ತಿರ ಇದೆ. ಪಾಠ ಮಾಡುವಾಗ ಪ್ರತಿ ವರ್ಷ ಅದರ ಮೊದಲ ಒಂದೂವರೆ ಪುಟವನ್ನು ತರಗತಿಯಲ್ಲಿ ಓದುತ್ತಿದ್ದೆ, ಯಾವ ಪುಸ್ತಕದಲ್ಲೂ ಅದಕ್ಕಿಂತ ತಿಳಿಯಾಗಿ ಸಿಗಲಿಲ್ಲ. ಕೊನೆಯ ಪುಟವನ್ನು ಮಾತ್ರ ಯಾರಿಗೂ ಓದಿ ಹೇಳಿಲ್ಲ. ಮುದ್ರೆಯ ನೇರಳೆ ಶಾಯಿ ಮಾಸಿದೆ. ಅದರ ಕೆಳಗೆ ನನ್ನ ಕೈಬರಹದಲ್ಲಿ ಅಪ್ಪನ ಸಾಲು: ನನ್ನ ಮಗಳ ಫಲಿತಾಂಶ ನೋಡಲು ಹೋಗಿದ್ದೆ.